ವಾಸನಿ ಇಲ್ಲದ್ದು

ಕಟಕಟಿಯೊಳಗ ಸಾಕ್ಷಿ ಬಾಯಿ ತೆರೆಯೂ ಹೊತ್ತಿಗೇ
ನನ್ನ ನೆತ್ತಿ ಮಾತಾಡಾಕ ಸುರು ಮಾಡತೈತಿ.
ಸಾಹೇಬರು ಹೇಳತಾರ, ನಾ ಟೈಪ್ ಮಾಡತೀನಿ,
ಎರಡೂ ಕೈ ಕೆಲಸದಾಗ,
ಕಿವಿ ಹಿಂದಿಂದ ಇರಿವಿ ಸಾಲು ಹೊಂಟಾವ,
ಅವಕ್ಕ ತಡೆಯಾಜ್ಞೆ ಕೊಡವರು ಯಾರೂ ಇಲ್ಲ.

ಜಮಖಂಡಿ ಕೋರ್ಟಿನ್ಯಾಗ ಹದಿನಾಲ್ಕು ವರ್ಷದ ಸ್ಟೆನೋ.
ಪೆನ್ನಿನ ಟೊಪ್ಪಿಗಿಲೆ ಕೆರಕೊಳ್ಳೂದು ಕಲತದ್ದು ಇಲ್ಲೇ,
ತುರಬಾ ಸರಿ ಮಾಡಿಕೊಂಡಂಗ ಮಾಡಿ.
ಒಮ್ಮೆ ಟೊಪ್ಪಿಗಿ ಅಲ್ಲೇ ಉಳದು
ಸಂಜಿಮಟ ಕೂದಲಾಗ ಇತ್ತು.
ಬೆಂಚ್ ಕ್ಲಾರ್ಕ್ ನಿರ್ವಾಣಪ್ಪ ನೋಡಿದ್ರು,
ಪಾಪ, ಏನೂ ಅನ್ನಲಿಲ್ಲ.
ಚಂದ್ರಕಾಳಿ ಸೀರಿ ಉಡೂದು ಬಿಟ್ಟೇನಿ,
ಹೆಗಲ ಮ್ಯಾಲ ರವಾ ಚೆಲ್ಲಿದಂಗ ಕಾಣತೈತಿ.

ನಾದಿನಿ ದುಂಡವ್ವ ಅಂದ್ಲು, ಅಂಟವಾಳ ಕುದಿಸು.
ಕುದಿಸಿದೆ. ನೆತ್ತಿ ಮ್ಯಾಲ ಖಾರ ಅರದಂಗ ಆತು.
ಗಿಡದ್ದು ಅಂದ್ರ ಎಲ್ಲಾ ತಂಪಲ್ಲ,
ಸುಡಗಾಡ ಕಳ್ಳಿನೂ ಗಿಡನ.
ಬಾಜೂ ಮನಿ ಶಾಹೀನ ಮೆಂತೆ ನೆನಸಿ ಹಚ್ಚಿದ್ಲು.
ಮರುದಿನ ಬಸ್ಸಿನ್ಯಾಗ ಒಬ್ಬಾಕಿ
ನನ್ನ ಚೀಲದ ಕಡೆ ನೋಡಿ ಕೇಳಿದ್ಲು,
"ಮೆಂತೇದ ಹಿಟ್ಟು ಒಯ್ಯಾಕತ್ತೀರೇನ್ರಿ?"

ಕಿರಾಣಿ ಅಂಗಡಿ ಮುಂದ ತೋರಣದಂಗ ತೂಗೂ ಪಾಕೀಟು,
ಹಸರು, ಕೆಂಪು, ಬಂಗಾರದ ಬಣ್ಣ,
ಒಂದೊಂದ ಹರಕೊಂಡು ಬಂದೆ.
ಪ್ರತಿಯೊಂದರ ಬೆನ್ನಿಗೂ ಬರದಿತ್ತು: ಮೃದು.
ಯಾವ ಆರೋಪಿ ಮೊದಲನೇ ದಿನಕ್ಕ
ತಪ್ಪಾತ್ರಿ ಅಂದಾನ?

ನೀರಿನ ಮ್ಯಾಲೂ ಸಂಶಯ ಬಂತು.
ಬೋರಿನ ನೀರು ಸವಳು, ಬಕೀಟಿನ ಅಂಚಿಗೆ ಬಿಳೇ ಪದರ.
ನಳ ಎಂಟು ದಿನಕ್ಕೊಮ್ಮಿ.
ಹೊಳಿ ನೀರು ಎರಡು ಕೊಡ ತಲಿಗಂತ ತೆಗೆದಿಟ್ರ
ಅತ್ತಿ ಕೊಡ ನೋಡಿದ್ರು, ಆಮ್ಯಾಲ ನನ್ನ ನೋಡಿದ್ರು,
"ಕುಡ್ಯೂ ನೀರವ್ವಾ ಅದು."

ಹ್ವಾದ ಶ್ರಾವಣದಾಗ ದೊಡ್ಡಮಾವ ತೀರಿಕೊಂಡ್ರು.
ಐದು ದಿನ ಮನ್ಯಾಗ ಸಾಬೂನ ಇಲ್ಲ, ಎಣ್ಣಿ ಇಲ್ಲ,
ಬರೇ ನೀರು.
ಮೂರನೇ ದಿನ ಹೆಣ್ಣಮಕ್ಕಳ ನಡುವ ಕುಂತು ಅಳುವಾಗ
ತಿಳೀತು, ನೆತ್ತಿ ಸುಮ್ಮನೈತಿ.
ಅತ್ತೆ, ಖರೇನ ಅತ್ತೆ,
ಒಳಗ ಆ ತಂಪಿನ ಸುಖಾನೂ ಇತ್ತು.
ಅದನ್ನ ಇಲ್ಲಿತನಕ ಯಾವ ಕಾಗದದಾಗೂ ಬರದಿಲ್ಲ.
ಆರನೇ ದಿನ ಯಾರೋ ಮಲ್ಲಿಗಿ ವಾಸನೀದು ಹಚ್ಚಿ ಎರದ್ರು.
ಇರಿವಿ ಮತ್ತ ಹೊಂಟು.

ನೇಮಣ್ಣ ಬೋರಗಾಂವಿಯವರ ಔಷಧಿ ಅಂಗಡಿಗೆ ಹ್ವಾದೆ.
"ವಾಸನಿ ಇಲ್ಲದ್ದು ಐತೇನ್ರಿ?"
"ವಾಸನಿ ಇಲ್ಲದ್ದು ಯಾರು ತಗೋತಾರ್ರಿ ಬಾಯಾರ?"
ಅಂತಂದು ಕೆಳಗಿನ ಖಾನಿಯೊಳಗ ತಲಿ ಹಾಕಿ
ಭಾಳ ಹೊತ್ತು ಅಲ್ಲೇ ಇದ್ರು.
ಬಿಳೇ ಬಾಟ್ಲಿ. ಮ್ಯಾಲ ಹೂವಿಲ್ಲ, ಹಣ್ಣಿಲ್ಲ,
ಕೂದಲ ಹಾರಸೂ ಹುಡುಗಿ ಇಲ್ಲ.
ಎರಡುನೂರಾ ಎಂಬತ್ತು. ಧೂಳ ಆಗೇತಂತ
ಎಂಟು ರೂಪಾಯಿ ಬಿಟ್ರು.
"ಮೊದಲ ಮೊಣಕೈ ಒಳಗ ಒಂದ ಹನಿ ಹಚ್ಚಿ
ಒಂದ ರಾತ್ರಿ ಕಾಯ್ರಿ."

ತೀರ್ಪಿನ ಹಿಂದಿನ ರಾತ್ರಿ ಮಲಗಲಾರದವರ
ಮಾರಿ ಮುಂಜಾನೆ ಎಷ್ಟೋ ನೋಡೀನಿ.
ಎರಡಕ್ಕೊಮ್ಮಿ, ನಾಕಕ್ಕೊಮ್ಮಿ
ಮೊಬೈಲಿನ ಬೆಳಕಿನ್ಯಾಗ ಕೈ ನೋಡಿಕೊಂಡೆ.
ಕೈ ಕೈಯಂಗ ಇತ್ತು.

ರವಿವಾರ ಎರಕೊಂಡೆ.
ನೊರಿ ಅಂದ್ರ ನೀರಮಜ್ಜಿಗಿ ಮ್ಯಾಲಿನಷ್ಟ.
ಮಗಳು ಸೃಷ್ಟಿ ಮೂಗು ಹಚ್ಚಿ ನೋಡಿ
"ಅವ್ವಾ, ನಿನ್ನ ತಲಿಗಿ ನಿಂದ ವಾಸನಿ ಐತಿ" ಅಂದ್ಲು.
ಛಲೋನೋ ಕೆಟ್ಟೋ ಹೇಳಲಿಲ್ಲ, ಆಡಾಕ ಓಡಿದ್ಲು.

ಸೋಮವಾರ ಹೊಲದ ವ್ಯಾಜ್ಯ, ಒಬ್ಬಾಕಿ ಮುದಕಿ ಸಾಕ್ಷಿ.
ವಕೀಲ ಕೇಳಿದ್ದಕ್ಕೆಲ್ಲಾ ಸೆರಗಿನೊಳಗ ಕೈ ಹಾಕಿ
ಕರ್‌ ಕರ್‌ ಕೆರಕೊಂತ
"ನೆನಪಿಲ್ರಿ ಯಪ್ಪಾ" ಅಂದ್ಲು.
ಇಷ್ಟು ವರ್ಷದಾಗ ಆ ಸಪ್ಪಳ
ಇನ್ನೊಬ್ಬರದು ನಾ ಕೇಳಿದ್ದೇ ಇಲ್ಲ.
"ನೆನಪಿಲ್ಲ ಅಂತ ಬರೀರಿ" ಅಂದ್ರು ಸಾಹೇಬರು.
ಬರದೆ.
ಪೆನ್ನಿನ ಟೊಪ್ಪಿಗಿ ಮೇಜಿನ ಮ್ಯಾಲ, ಪೆನ್ನಿನ ಬಾಜೂಕ ಇತ್ತು.
ಆಕಿ ಕೆಳಗಿಳಿಯೂಮುಂದ
ಕಾಗದದ ತುಂಡಿನ ಮ್ಯಾಲ ನೇಮಣ್ಣನ ಅಂಗಡಿ ಹೆಸರು ಬರದು,
ಎರಡುನೂರಾ ಎಂಬತ್ತು ಅನ್ನೂದು ನೆನಪಾಗಿ,
ಹರದು ಹಾಕಿ,
ಮನಿಯೊಳಗ ಖಾಲಿ ಬಾಟ್ಲಿ ಸಣ್ಣದು
ಯಾವುದರ ಐತೇನು ಅಂತ ಯೋಚನಿ ಮಾಡಿದೆ.